ಗಿಡಕ್ಕೊಂದು ಹೆಸರು, ಚೀಟಿಗೊಂದು ಊರು

ಹೋದ ವರ್ಷ ಪುತ್ತೂರಿನ ಒಂದು ಮದುವೆಯಲ್ಲಿ ಊಟಕ್ಕೆ ಕಾಯುತ್ತ ನಿಂತಿದ್ದಾಗ ನನ್ನ ವಯಸ್ಸಿನವರೊಬ್ಬರು ಬಂದು ಕೈ ಹಿಡಿದುಕೊಂಡರು. "ಎಂತ ಮಾರಾಯ್ರೆ, ಗುರ್ತ ಸಿಕ್ಲಿಲ್ವಾ?" ಸಿಕ್ಕಿರಲಿಲ್ಲ. ಆದರೂ ಸಿಕ್ಕವನ ಹಾಗೆ ನಕ್ಕೆ. ಅವರು ಅಷ್ಟಕ್ಕೆ ಬಿಡುವವರಲ್ಲ. "ಹಾಗಾದ್ರೆ ಹೇಳಿ ನೋಡುವ, ಯಾರು ನಾನು?" ಎಂದರು. ನಮ್ಮ ಕಡೆ ಮದುವೆಮನೆಗಳಲ್ಲಿ ನಡೆಯುವ ಈ ಮೌಖಿಕ ಪರೀಕ್ಷೆಯಲ್ಲಿ ನಾನು ಈಚೆಗೆ ಸತತವಾಗಿ ನಪಾಸಾಗುತ್ತಿದ್ದೇನೆ. ಅವರ ಹೆಸರಿಗಾಗಿ ತಲೆಯೊಳಗೆ ತಡಕಾಡುತ್ತಿದ್ದೆ. ಸಿಕ್ಕಿದ್ದು ಮಾತ್ರ ಪಕ್ಕದಲ್ಲಿ ನಿಂತಿದ್ದ ಅವರ ಹೆಂಡತಿ ಮುಡಿದಿದ್ದ ಮಲ್ಲಿಗೆಯ ಲ್ಯಾಟಿನ್ ಹೆಸರು: ಜಾಸ್ಮಿನಮ್ ಸಂಬಾಕ್.

ನನ್ನ ಹೆಂಡತಿ ಸುಮತಿ ನಡುವೆ ಬಂದು ಅವರನ್ನು ಹೆಸರು ಹಿಡಿದು ಮಾತಾಡಿಸಿ ನನ್ನ ಮಾನ ಉಳಿಸಿದಳು. ನಾಲ್ಕು ವರ್ಷ ನಮ್ಮ ನೆರೆಮನೆಯಲ್ಲೇ ಇದ್ದವರಂತೆ. "ನಿಮಗೆ ಬೇಡದ್ದು ಮಾತ್ರ ಚಂದ ನೆನಪುಂಟು" ಎಂದಳು, ಪಾಯಸ ಬಡಿಸುವ ಹೊತ್ತಿಗೆ. ನಾನು ಒಪ್ಪಿಕೊಂಡೆ. ವಿಶ್ವವಿದ್ಯಾನಿಲಯದಲ್ಲಿ ಸಸ್ಯಶಾಸ್ತ್ರ ಓದುವಾಗ ನನಗೆ ಕಲಿಸಿದ ಮುಖ್ಯ ವಿದ್ಯೆ ಸಂದೇಹ. ಅದನ್ನು ನಾನು ಜ್ಯೋತಿಷ್ಯದ ಮೇಲೆ, ನಾಟಿವೈದ್ಯದ ಮೇಲೆ, ಸರಕಾರದ ಮೇಲೆ, ಗೊಬ್ಬರದ ಚೀಲದ ಮೇಲಿನ ಬರಹದ ಮೇಲೆ ಧಾರಾಳವಾಗಿ ಪ್ರಯೋಗಿಸಿದ್ದೇನೆ. ಸಂದೇಹಪಡದೆ ಬಿಟ್ಟದ್ದು ಒಂದನ್ನೇ, ನನ್ನ ಸ್ವಂತ ತಲೆಯನ್ನು. ಅದರ ಸರದಿ ಈಗ ಬಂದಿದೆ.

ಒಂದು ಕಡೆ ಕೂತು ಮಾಡುವ ಕೆಲಸ ನನ್ನ ಕಾಲಿಗೆ ಒಗ್ಗದ ಕಾರಣ ಓದಿದ ಮೇಲೆ ಮೂರು ವರ್ಷ ಕಾಲೇಜಿನಲ್ಲಿ ಪಾಠ ಮಾಡಿ, ಬಿಟ್ಟು, ನರಿಮೊಗರಿನಲ್ಲಿ ಒಂದು ನರ್ಸರಿ ಮಾಡಿಕೊಂಡೆ. ಕರಿಮೆಣಸು, ಜಾಯಿಕಾಯಿ, ಕಸಿ ಗೇರು, ಸ್ವಲ್ಪ ಹೂವಿನ ಗಿಡ. ಪ್ರತಿಯೊಂದು ಸಾಲಿನ ಮುಂದೆಯೂ ಲ್ಯಾಟಿನ್ ಹೆಸರಿನ ಸಣ್ಣ ಹಲಗೆ ನೆಟ್ಟಿದ್ದೇನೆ. ಅದನ್ನು ಇಲ್ಲಿಯವರೆಗೆ ಓದಿದವರು ಇಬ್ಬರೇ. ಒಬ್ಬರು ಕನ್ನಡಕ ಪರೀಕ್ಷಿಸಿಕೊಳ್ಳುತ್ತಿದ್ದರು. ಇನ್ನೊಬ್ಬರು ಪೂರ್ತಿ ಓದಿ, "ಹೆಸರು ಎಂತ ಬೇಕಾದ್ರೂ ಇರ್ಲಿ ಮಾರಾಯ್ರೆ, ಬದುಕ್ತದಾ ಹೇಳಿ" ಎಂದರು.

ಬದುಕುವುದು ಮುಖ್ಯ, ನಿಜ. ಆದರೂ ಆ ಎರಡು ಪದಗಳ ಹೆಸರಿನ ಮೇಲೆ ನನಗಿರುವ ಮೋಹ ಮೂವತ್ತೈದು ವರ್ಷಗಳಲ್ಲಿ ಮಾಸಿಲ್ಲ. ಸ್ವೀಡನ್ ದೇಶದ ಒಬ್ಬ ವೈದ್ಯ ಹದಿನೆಂಟನೆಯ ಶತಮಾನದಲ್ಲಿ ಇದನ್ನು ರೂಢಿಗೆ ತಂದ. ಅದಕ್ಕೆ ಮೊದಲು ವಿದ್ವಾಂಸರು ಒಂದು ಗಿಡವನ್ನು ಕರೆಯಲು ಇಡೀ ವಾಕ್ಯ ಬರೆಯುತ್ತಿದ್ದರಂತೆ, "ಅಂಡಾಕಾರದ ಎಲೆಯ, ನುಣುಪು ಕಾಂಡದ, ಗೊಂಚಲು ಹೂವಿನ ಇಂಥದ್ದು" ಎಂದು. ಮಕ್ಕಳನ್ನು ಊಟಕ್ಕೆ ಕರೆಯುವಾಗ ಜಾತಕ ಓದಿದ ಹಾಗೆ. ಈತ ಎರಡು ಪದ ಸಾಕು ಎಂದ. ಮೊದಲನೆಯದು ಕುಲ, ಎರಡನೆಯದು ಆಸಾಮಿ. ನಮ್ಮಲ್ಲಿ ಮನೆಯ ಹೆಸರು ಮೊದಲು ಹೇಳಿ ಆಮೇಲೆ ವ್ಯಕ್ತಿಯ ಹೆಸರು ಹೇಳುವ ಹಾಗೆಯೇ. ಬರೀ ರಾಮಣ್ಣ ಎಂದರೆ ಊರಿನಲ್ಲಿ ಎಂಟು ಜನ ತಿರುಗಿ ನೋಡುತ್ತಾರೆ. ಮನೆ ಸೇರಿಸಿದರೆ ಒಬ್ಬನೇ.

ಈ ವೈದ್ಯನೂ ಮನುಷ್ಯನೇ. ತನ್ನನ್ನು ಟೀಕಿಸಿದ ಒಬ್ಬ ಪಂಡಿತನ ಹೆಸರನ್ನು ಅವನು ಬಟ್ಟೆಗೆ ಅಂಟಿಕೊಳ್ಳುವ ಒಂದು ಕಳೆಗಿಡಕ್ಕೆ ಇಟ್ಟನೆಂದು ಹೇಳುತ್ತಾರೆ. ಟೀಕೆ ಏನಿತ್ತೆಂದು ಈಗ ಯಾರಿಗೂ ಬೇಡ. ಕಳೆ ಮಾತ್ರ ಇನ್ನೂ ಅಂಟಿಕೊಳ್ಳುತ್ತದೆ. ಲ್ಯಾಟಿನ್ ಎಂದರೆ ಪರದೇಶದ್ದು ಎಂದು ದೂರ ನಿಲ್ಲುವವರಿಗೆ ನಾನು ಬಸಳೆಯ ಚಪ್ಪರ ತೋರಿಸುತ್ತೇನೆ. ಬಸಳೆಯ ಶಾಸ್ತ್ರೀಯ ಹೆಸರು ಬಸೆಲ್ಲ ಆಲ್ಬ. ಅಡಿಕೆಯದು ಅರೆಕ ಕಟೆಚು. ನಮ್ಮ ಕರಾವಳಿಯ ಬಾಯಿಗಳಲ್ಲಿದ್ದ ಮಾತು ಹಡಗು ಹತ್ತಿ ಹೋಗಿ, ಲ್ಯಾಟಿನ್ ಕೋಟು ತೊಟ್ಟು ವಾಪಸು ಬಂದಿದೆ. ಊರಿನವರೇ ಗುರುತಿಸುವುದಿಲ್ಲ, ಅಷ್ಟೆ.

ಇನ್ನು ಸಂಬಂಧ ಹಚ್ಚುವ ಕೆಲಸ. ಬದನೆ, ಟೊಮೆಟೊ, ಮೆಣಸಿನಕಾಯಿ, ಜೊತೆಗೆ ವಿಷದ ಉಮ್ಮತ್ತಿ, ಎಲ್ಲವೂ ಒಂದೇ ಕುಟುಂಬ ಎಂದು ಮೊದಲ ಸಲ ಕೇಳಿದಾಗ ನನಗೆ ಸೂತಕದ ನೆನಪಾಗಿತ್ತು. ನಮ್ಮಲ್ಲಿ ಯಾರೋ ತೀರಿಕೊಂಡಾಗ ಮಾತ್ರ ಯಾರು ಯಾರಿಗೆ ಎಷ್ಟು ದಿನದ ನಂಟು ಎಂಬುದು ಹೊರಬರುತ್ತದೆ. ಹತ್ತು ವರ್ಷ ಮಾತು ಬಿಟ್ಟವರೂ ಸೂತಕ ಹಿಡಿಯಬೇಕು. ಜೀವಶಾಸ್ತ್ರಜ್ಞರು ಮಾಡುವುದೂ ಅದನ್ನೇ. ಮುಖ ನೋಡಿ ಮೋಸಹೋಗಬೇಡ, ಹೂವಿನೊಳಗೆ ನೋಡು, ಬೀಜದೊಳಗೆ ನೋಡು, ಈಗ ವಂಶವಾಹಿಯನ್ನೂ ನೋಡು ಎನ್ನುತ್ತಾರೆ. ನೋಡಿದ ಮೇಲೆ ಹಳೆಯ ಮನೆ ಒಡೆದು ಪಾಲು ಮಾಡುತ್ತಾರೆ. ಗಿಡ ಅಲ್ಲೇ ಇರುತ್ತದೆ, ವಿಳಾಸ ಬದಲಾಗುತ್ತದೆ. ಇದು ಅನ್ಯಾಯ ಎಂದು ಗೊಣಗುವವರು ಕಡಬದವರನ್ನು ಕೇಳಿದರೆ ಸಾಕು. ಪುತ್ತೂರು ತಾಲೂಕಿನ ಒಂದಿಷ್ಟು ಗ್ರಾಮ, ಸುಳ್ಯ ತಾಲೂಕಿನ ಒಂದಿಷ್ಟು ಗ್ರಾಮ ಸೇರಿಸಿ ಕಡಬ ತಾಲೂಕು ಮಾಡಿದಾಗ ಅಲ್ಲಿನ ಒಂದು ಹಲಸಿನ ಮರವೂ ಒಂದಿಂಚು ಸರಿಯಲಿಲ್ಲ.

ಹೀಗೆ ದೂರದಿಂದ ಮೆಚ್ಚಿಕೊಂಡು ಹಾಯಾಗಿದ್ದವನಿಗೆ ಹೋದ ಮಳೆಗಾಲದ ಆರಂಭದಲ್ಲಿ ಒಂದು ಫೋನು ಬಂತು. ಶಾಹಿದಾ ಎಂಬ ಹುಡುಗಿ, ವಿಟ್ಲದ ಕಡೆಯವಳು, ನಾನು ಓದಿದ ವಿಭಾಗದಲ್ಲೇ ಸಂಶೋಧನೆ ಮಾಡುತ್ತಿದ್ದಾಳೆ. ಕರ್ಣಕುಂಡಲದ ಕುಲದ ಮೇಲೆ ಅವಳ ಕೆಲಸ. ಬೀಜದ ಕಾಯಿಯನ್ನು ಮುಟ್ಟಿದರೆ ಸಾಕು ಪಟ್ಟನೆ ಸಿಡಿಯುವ, ಅದಕ್ಕಾಗಿಯೇ ಲ್ಯಾಟಿನ್‌ನಲ್ಲಿ 'ತಾಳ್ಮೆಗೆಟ್ಟದ್ದು' ಎಂದು ಹೆಸರು ಪಡೆದ ಕುಲ ಅದು.

"ಸರ್, ನಿಮ್ಮ ಒಂದು ಹಾಳೆ ಇಲ್ಲಿ ಉಂಟು" ಎಂದಳು.

ಹಾಳೆ ಎಂದರೆ ಒಣಗಿಸಿ ಕಾಗದಕ್ಕೆ ಹೊಲಿದ ಗಿಡ. ಮೂಲೆಯಲ್ಲಿ ಒಂದು ಚೀಟಿ: ಗಿಡದ ಹೆಸರು, ಸಿಕ್ಕಿದ ಊರು, ದಿನಾಂಕ, ಕಿತ್ತವನ ಹೆಸರು. ನಮ್ಮ ಕಾಲದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಇಂಥ ಐವತ್ತು ಹಾಳೆ ಕೊಡಬೇಕಿತ್ತು. ಚೆನ್ನಾಗಿದ್ದವನ್ನು ವಿಭಾಗದವರು ಕಪಾಟಿನಲ್ಲಿ ಉಳಿಸಿಕೊಂಡರು. ನನ್ನವು ಉಳಿದದ್ದು ಅಕ್ಷರ ದುಂಡಗಿದ್ದ ಕಾರಣಕ್ಕೆ ಎಂದು ನನ್ನ ಅನುಮಾನ. ಸಾಮಾನ್ಯ ಕರ್ಣಕುಂಡಲ ಎಂದು ನಾನು ಬರೆದಿದ್ದ ಒಂದು ಗಿಡ ಸಾಮಾನ್ಯದ್ದಲ್ಲ, ಈವರೆಗೆ ಯಾರೂ ಹೆಸರಿಡದ ಪ್ರಭೇದ ಎಂದು ಶಾಹಿದಾಳಿಗೆ ಬಲವಾಗಿ ಅನ್ನಿಸಿತ್ತು. ಎಲೆ, ಕಾಯಿ, ಬೀಜ ಎಲ್ಲ ಬೇರೆ. ಆದರೆ ಈ ಕುಲದ ಹೂವು ಒತ್ತಿ ಒಣಗಿಸಿದರೆ ಚಹಾದಲ್ಲಿ ಅದ್ದಿದ ಕಾಗದದಂತೆ ಮುದ್ದೆಯಾಗುತ್ತದೆ. ತಾಜಾ ಹೂವು ನೋಡದೆ ಪ್ರಕಟಿಸುವಂತಿಲ್ಲ ಎಂದು ಅವಳ ಮಾರ್ಗದರ್ಶಕರು ಖಡಾಖಂಡಿತ ಹೇಳಿದ್ದರು. ಈ ಮಳೆಗಾಲ ಮುಗಿದರೆ ಅವಳ ಪ್ರಬಂಧ ಸಲ್ಲಿಸುವ ಗಡುವೂ ಮುಗಿಯುತ್ತದೆ. ಈ ಸಲ ಹೂವು ಸಿಗದಿದ್ದರೆ ಆ ಗಿಡ ಹೆಸರಿಲ್ಲದೆಯೇ ಕಪಾಟಿನಲ್ಲಿ ಮಲಗಬೇಕು.

"ಎರಡು ಮಳೆಗಾಲ ಹುಡುಕಿದೆ ಸರ್. ಚೀಟಿಯಲ್ಲಿ ಮರ್ಕಂಜ, ತೋಡಿನ ಬದಿಯ ಬಂಡೆ ಅಂತ ಉಂಟು. ಮರ್ಕಂಜದ ತೋಡು ಎಲ್ಲ ಮುಗಿಸಿದೆ. ಬಂಡೆ ಯಾವ ಕಡೆದು ಅಂತ ನೆನಪುಂಟಾ?"

"ಉಂಟಲ್ಲ" ಎಂದೆ. ತೋಡಿನ ನೀರಿನ ಮೇಲಿನ ಸೇತುವೆ ದಾಟಿ ಎಡಕ್ಕೆ, ಸ್ವಲ್ಪ ಇಳಿಜಾರು, ಕಪ್ಪು ಬಂಡೆ, ಮೇಲೊಂದು ಹಳೆಯ ಹೊನ್ನೆ ಮರ. ನಿರರ್ಗಳವಾಗಿ ಹೇಳಿದೆ. ಅವಳು ಬರೆದುಕೊಂಡಳು. ಪ್ರಭೇದಕ್ಕೆ ಊರಿನ ಹೆಸರನ್ನೇ, 'ಮರ್ಕಂಜೆನ್ಸಿಸ್' ಎಂದು ಇಡುವ ಯೋಚನೆ ಇದೆಯೆಂದೂ ಹೇಳಿದಳು. ಫೋನು ಇಟ್ಟ ಮೇಲೆ ನನಗೆ ಬಹಳ ಹೆಮ್ಮೆಯಾಯಿತು. ನನ್ನ ಹೆಸರು ಇಡಬಾರದಿತ್ತೇ ಎಂಬ ಸಣ್ಣ ಆಸೆಯೂ ಆಯಿತು, ಮುಚ್ಚಿಡುವುದೇಕೆ.

ಅರ್ಧ ಗಂಟೆಯ ನಂತರ ಮೆಣಸಿನ ಬಳ್ಳಿಗೆ ನೀರು ಹಾಕುತ್ತಿದ್ದಾಗ ಕೈ ನಿಂತಿತು. ಆ ಸೇತುವೆ, ಆ ಹೊನ್ನೆ ಮರ ನಾನು ನೋಡಿದ್ದು ಯಾವಾಗ? ಗೆಳೆಯ ಕುಶಾಲಪ್ಪನ ಮದುವೆಗೆ ಹೋದಾಗ. ಅವನ ಮನೆ ಮರ್ಕಂಜ. ಅವನ ಮದುವೆ ಆದದ್ದು ನಮ್ಮ ಓದು ಮುಗಿದು ಆರು ವರ್ಷದ ಮೇಲೆ. ಅಂದರೆ ಹಾಳೆ ಸಲ್ಲಿಸಿದ ಕಾಲದಲ್ಲಿ ನಾನು ಮರ್ಕಂಜವನ್ನು ಕಂಡೇ ಇರಲಿಲ್ಲ!

ಇಲ್ಲಿ ನಮ್ಮ ಕಾಲದ ಒಂದು ಪದ್ಧತಿಯನ್ನು ಹೇಳಲೇಬೇಕು. ಐವತ್ತು ಹಾಳೆಗಳೂ ಒಂದೇ ಊರಿನವಾದರೆ ಅಂಕ ಕಡಿಮೆ. ಹುಡುಗ ಮನೆಯ ಹಿತ್ತಲು ಬಿಟ್ಟು ಹೊರಟಿಲ್ಲ ಎಂದು ಅಧ್ಯಾಪಕರು ತಿಳಿಯುತ್ತಿದ್ದರು. ಹಾಗಾಗಿ ಪುತ್ತೂರು, ಸುಳ್ಯದ ಕಡೆಯ ನಾವು ನಾಲ್ಕೈದು ಜನ ಗಿಡಗಳನ್ನು ಬದಲಾಯಿಸಿಕೊಳ್ಳುತ್ತಿದ್ದೆವು. ನೆರೆಮನೆಗೆ ಕರಿಬೇವು ಕೊಟ್ಟು ತೆಂಗಿನಕಾಯಿ ತಂದ ಹಾಗೆ. ಒಬ್ಬ ನಾಲ್ಕು ಗೆಲ್ಲು ಕಿತ್ತರೆ ಮೂರು ಉಳಿದವರಿಗೆ. ಚೀಟಿ ಬರೆಯುವುದು ಮಾತ್ರ ಎಲ್ಲರೂ ಒಟ್ಟಿಗೆ, ಸಲ್ಲಿಸುವ ಹಿಂದಿನ ಮಧ್ಯಾಹ್ನ, ಹಾಸ್ಟೆಲಿನ ಊಟದ ಮೇಜಿನ ಮೇಲೆ. ಯಾವ ಗಿಡ ಯಾರದ್ದೆಂದು ಅಷ್ಟು ಹೊತ್ತಿಗೆ ಮರೆತಿರುತ್ತಿತ್ತು. ಒಬ್ಬ ಊರಿನ ಹೆಸರು ಕೂಗುತ್ತಿದ್ದ, ಉಳಿದವರು ಬರೆಯುತ್ತಿದ್ದರು. ದೂರದ್ದು, ಕಾಡಿನ ವಾಸನೆ ಇರುವಂಥದ್ದು, ಬಸ್ಸು ಕಡಿಮೆ ಇರುವಂಥದ್ದಾದರೆ ಒಳ್ಳೆಯದು. ಕಬಕದ ಬಸ್‌ಸ್ಟ್ಯಾಂಡಿನ ಹಿಂದೆ ಸಿಕ್ಕಿದ ಹುಲ್ಲು ಕೂಡ ಚೀಟಿಯಲ್ಲಿ ಘಟ್ಟ ಹತ್ತುತ್ತಿತ್ತು. ಸುಳ್ಳು ಹೇಳುತ್ತಿದ್ದೇವೆ ಎಂದು ನಮಗೆ ಅನ್ನಿಸಿದ್ದೇ ಇಲ್ಲ. ಗಿಡ ನಿಜ, ಹೆಸರು ನಿಜ, ಊರು ಎಲ್ಲಾದರೂ ಒಂದು ಇರಬೇಕಲ್ಲ!

ಮರ್ಕಂಜದವನಾದ ಕುಶಾಲಪ್ಪನೇ ಆ ಕರ್ಣಕುಂಡಲ ಕೊಟ್ಟಿರಬೇಕು, ಹಾಗಾದರೆ ಚೀಟಿ ಹೇಗೋ ನಿಜವೇ ಆಯಿತು ಎಂದು ಧೈರ್ಯ ತಂದುಕೊಂಡು ಅವನಿಗೆ ಫೋನು ಮಾಡಿದೆ. ಅವನು ಈಗ ಊರಿನಲ್ಲಿ ಕೃಷಿ ಮಾಡಿಕೊಂಡಿದ್ದಾನೆ.

"ನಾನು ಕೊಟ್ಟದ್ದಾ? ನೀನು ನಂಗೆ ಕೊಟ್ಟದ್ದು ಮಾರಾಯ!" ಎಂದ. "ಒದ್ದೆ ಕರ್ಚೀಪಲ್ಲಿ ಸುತ್ತಿ ತಂದಿದ್ದೆ ನೀನು. ನಂಗೆ ಚಂದ ನೆನಪುಂಟು."

"ನಂಗೆ ನೀನು ತಂದದ್ದು ನೆನಪುಂಟು. ಬಾಳೆಲೆಯಲ್ಲಿ."

"ನಿನ್ನ ನೆನಪಿಗೆ ಬೆಂಕಿ ಹಾಕು. ನೀನು ನನ್ನ ಮದುವೆಗೆ ತಾರೀಕು ತಪ್ಪಿ ಮರುದಿನ ಬಂದವ."

ಎರಡು ಬಲವಾದ ನೆನಪು, ಎರಡೂ ಒಂದನ್ನೊಂದು ಸುಳ್ಳು ಮಾಡುವಂಥವು. ಯಾವುದನ್ನು ನಂಬುವುದು? ನಾನಾದರೆ ಎರಡನ್ನೂ ನಂಬುವುದಿಲ್ಲ ಎನ್ನುತ್ತಿದ್ದೆ, ಬೇರೆಯವರ ವಿಷಯವಾಗಿದ್ದರೆ. ಅವನ ಮದುವೆ ಊಟದ ನನ್ನ ನೆನಪೂ ಮರುದಿನದ ಉಳಿದ ಊಟದ್ದು ಎಂದು ತಿಳಿದ ಮೇಲೆ ಹೆಚ್ಚು ಜಗಳವಾಡುವ ಧೈರ್ಯವಾಗಲಿಲ್ಲ.

ಎರಡು ದಿನ ಸುಮ್ಮನಿದ್ದೆ. ಹಳೆಯ ಪಠ್ಯ ತೆಗೆದು ಹೆಸರಿಡುವ ನಿಯಮಗಳನ್ನು ಮತ್ತೆ ಓದಿದೆ. ಸುಮ್ಮನಿರಲು ಅದೇ ಅಡ್ಡಿಯಾಯಿತು. ಕ್ರಮಬದ್ಧವಾಗಿ ಪ್ರಕಟವಾದ ಹೆಸರನ್ನು, ಅದರ ಅರ್ಥ ತಪ್ಪು ಎಂಬ ಕಾರಣಕ್ಕೆ ಯಾರೂ ಬದಲಾಯಿಸುವಂತಿಲ್ಲ. ಅಮೆರಿಕದಲ್ಲಿ ಹುಟ್ಟಿ ಬೆಳೆದ ಒಂದು ಎಕ್ಕದ ನೆಂಟನ ಹೆಸರಿನಲ್ಲಿ ಸಿರಿಯಾ ದೇಶ ಕೂತಿದೆ. ಮೆಡಿಟರೇನಿಯನ್ ತೀರದ ಒಂದು ಗೆಡ್ಡೆಯ ಹೂವಿನ ಹೆಸರಿನಲ್ಲಿ ಪೆರು ಇದೆ. ಅದು ಬಂದ ಹಡಗಿನ ಹೆಸರು ಪೆರು ಆಗಿತ್ತೆಂದು ಕಥೆ. ಎಲ್ಲರಿಗೂ ತಪ್ಪು ಗೊತ್ತು, ಆದರೂ ಹೆಸರು ಹಾಗೆಯೇ ಇದೆ. ಸರಿಯಾದ ಹೆಸರಿಗಿಂತ ನಿಲ್ಲುವ ಹೆಸರು ಮುಖ್ಯ, ಇಲ್ಲವಾದರೆ ಪ್ರತಿ ತಲೆಮಾರೂ ತಿದ್ದುತ್ತ ಕೂತು ಯಾರು ಯಾವ ಗಿಡದ ಬಗ್ಗೆ ಮಾತಾಡುತ್ತಿದ್ದಾರೆಂದೇ ತಿಳಿಯದೆ ಹೋದೀತು ಎಂಬ ವಿವೇಕ ಅದು. ಇಷ್ಟು ದಿನ ಆ ವಿವೇಕವನ್ನು ಮೆಚ್ಚಿದ್ದೆ. ಈಗ ಹೆದರಿಕೆಯಾಯಿತು. ಹಾಸ್ಟೆಲಿನ ಮೇಜಿನ ಮೇಲೆ ಯಾರೋ ಕೂಗಿದ ಊರು ಜಗತ್ತು ಇರುವವರೆಗೆ ಆ ಹೂವಿನ ಬೆನ್ನಿಗೆ ಅಂಟಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಬ್ಬ ಹುಡುಗಿ ಇಲ್ಲದ ಬಂಡೆಯನ್ನು ಹುಡುಕುತ್ತ ತನ್ನ ಕೊನೆಯ ಮಳೆಗಾಲವನ್ನು ಕಳೆಯುತ್ತಾಳೆ.

ಫೋನು ಮಾಡಿದೆ. "ಶಾಹಿದಾ, ಆ ಚೀಟಿಯಲ್ಲಿರುವ ಊರು ಸುಳ್ಳು. ಮೊನ್ನೆ ಹೇಳಿದ ಬಂಡೆಯೂ ಸುಳ್ಳು. ಅದು ಎಲ್ಲಿಯದ್ದು ಅಂತ ನನಗೆ ಗೊತ್ತಿಲ್ಲ."

ಆಚೆಯಿಂದ ಮಳೆಯ ಸದ್ದು ಕೇಳುತ್ತಿತ್ತು.

"ಸರ್, ನಾನೀಗ ಮರ್ಕಂಜದಲ್ಲೇ ಇದ್ದೇನೆ. ಹೊನ್ನೆ ಮರದ ಅಡಿಯಲ್ಲಿ. ಎರಡೂ ಕಾಲಲ್ಲಿ ಜಿಗಣೆ ಉಂಟು." ಆಮೇಲೆ ಪುಸ್ತಕ ಮುಚ್ಚಿದ ಸದ್ದು. "ಹೋಗ್ಲಿ. ಈಗಾದ್ರೂ ಹೇಳಿದ್ರಲ್ಲ."

ನಾನು ನೆನಪಿಸಿಕೊಳ್ಳಲು ಪ್ರಯತ್ನಿಸುತ್ತೇನೆ ಎಂದು ಮಾತು ಕೊಟ್ಟೆ. ಅವಳು ನಯವಾಗಿಯೇ ತಡೆದಳು. "ಬೇಡ ಸರ್. ನೀವು ನೆನಪು ಮಾಡಿದ್ರೆ ಇನ್ನೊಂದು ಬಂಡೆ ಬರ್ತದೆ. ನೀವೊಮ್ಮೆ ಇಲ್ಲಿಗೆ ಬನ್ನಿ. ಗಿಡವನ್ನೇ ಕೇಳುವ."

ಮುಂದಿನ ವಾರ ಹೋದೆ. ವಿಭಾಗದ ಉದ್ದನೆಯ ಮೇಜಿನ ಮೇಲೆ ನನ್ನ ಹಾಳೆಗಳನ್ನೆಲ್ಲ ಹರಡಿದ್ದಳು. ಮೂವತ್ತೆಂಟು ಉಳಿದಿದ್ದವು. ಕರ್ಪೂರ ಮತ್ತು ಹಳೆಯ ಕಾಗದದ ವಾಸನೆ. ಇಪ್ಪತ್ತೆರಡರ ವಯಸ್ಸಿನ ನನ್ನ ಅಕ್ಷರಗಳನ್ನು ನೋಡಿ ನಾಚಿಕೆಯಾಯಿತು, ಅಷ್ಟು ಆತ್ಮವಿಶ್ವಾಸ ಅವುಗಳಲ್ಲಿ. ಶಾಹಿದಾ ಚೀಟಿಗಳಲ್ಲಿ ಊರಿನ ಹೆಸರಿನ ಮೇಲೆ ಮಾತ್ರ ಬಿಳಿ ಕಾಗದದ ತುಂಡು ಮುಚ್ಚಿ, "ಇನ್ನು ಇದನ್ನು ಓದುದು ಬೇಡ" ಎಂದಳು. ಕೈಗೆ ಭೂತಗನ್ನಡಿ ಕೊಟ್ಟಳು.

ಬೇರುಗಳನ್ನು ನೋಡಬೇಕಿತ್ತು. ನಾವು ಸೋಮಾರಿಗಳು, ಬೇರು ಸರಿಯಾಗಿ ತೊಳೆದಿರಲಿಲ್ಲ. ಕೆಲವದರಲ್ಲಿ ಕಪ್ಪು ಗೋಡುಮಣ್ಣು, ಕೆಲವದರಲ್ಲಿ ಹೊಳೆಯ ಮರಳು, ಕೆಲವದರಲ್ಲಿ ಕೆಂಪುಕಲ್ಲಿನ ಪುಡಿ, ತುಕ್ಕಿನ ಬಣ್ಣದ್ದು. ಗಿಡ ಗುರುತಿಸಲು ಶಾಸ್ತ್ರಜ್ಞರು ಬಳಸುವ ಕೀಲಿ ಎಂಬುದೊಂದಿದೆ. ಪ್ರತಿ ಹೆಜ್ಜೆಯಲ್ಲೂ ಎರಡೇ ದಾರಿ. ಎಲೆ ಎದುರುಬದುರೋ ಅಲ್ಲವೋ, ಹೌದಾದರೆ ಇತ್ತ ಹೋಗು, ಅಲ್ಲವಾದರೆ ಅತ್ತ. ಹೀಗೆ ಹೋಗುತ್ತ ಕೊನೆಗೆ ಒಂದೇ ಹೆಸರಿನ ಬಾಗಿಲಲ್ಲಿ ನಿಲ್ಲುತ್ತೇವೆ. ನಾನು ನೋಡಿದ ವಿದ್ಯೆಗಳಲ್ಲಿ ಇಷ್ಟು ವಿನಯದ್ದು ಇನ್ನೊಂದಿಲ್ಲ. ದೊಡ್ಡ ಪ್ರಶ್ನೆ ಕೇಳುವುದೇ ಇಲ್ಲ, ಸಣ್ಣ ಸಣ್ಣದಕ್ಕೆ ಪ್ರಾಮಾಣಿಕವಾಗಿ ಹೌದು ಅಲ್ಲ ಹೇಳು ಎನ್ನುತ್ತದೆ, ಅಷ್ಟೆ. ಶಾಹಿದಾ ನನ್ನ ಹಾಳೆಗಳಿಗೆ ಅಂಥದ್ದೇ ಒಂದು ಕೀಲಿ ಬರೆದಿದ್ದಳು. ಬೇರಿನಲ್ಲಿ ಕೆಂಪು ಪುಡಿ ಇದೆಯೋ ಇಲ್ಲವೋ. ಇದ್ದರೆ, ದಿನಾಂಕ ಒಂದೆಯೋ ಬೇರೆಯೋ.

"ದಿನಾಂಕ ನಂಬಬಹುದಾ?" ಎಂದು ನಾನೇ ಕೇಳಿದೆ.

"ಊರಲ್ಲಿ ಸುಳ್ಳು ಹೇಳ್ಲಿಕ್ಕೆ ನಿಮಗೆ ಕಾರಣ ಇತ್ತು ಸರ್. ತಾರೀಕಲ್ಲಿ ಹೇಳಿದ್ರೆ ಎಂತ ಸಿಗ್ತಿತ್ತು?"

ಕೊನೆಗೆ ಮೇಜಿನ ಒಂದು ಮೂಲೆಯಲ್ಲಿ ಹನ್ನೊಂದು ಹಾಳೆಗಳು ಗುಂಪಾದವು. ಕರ್ಣಕುಂಡಲವೂ ಅದರಲ್ಲಿತ್ತು. ಒಂದೇ ದಿನಾಂಕ, ಒಂದೇ ಕೆಂಪು ಪುಡಿ. ಮುಚ್ಚಿದ ಕಾಗದ ತೆಗೆದು ಊರುಗಳನ್ನು ಓದಿದಳು. ಮರ್ಕಂಜ, ಕಡಬ, ಸುಬ್ರಹ್ಮಣ್ಯ, ಮತ್ತೆ ಕಡಬ. ಬಸ್ಸಿನಲ್ಲಿ ಹೋದರೂ ಒಂದು ದಿನದಲ್ಲಿ ಮುಗಿಯದ ಪ್ರಯಾಣ. "ಆ ದಿನ ನಿಮಗೆ ರೆಕ್ಕೆ ಇತ್ತು ಅಂತ ಕಾಣ್ತದೆ" ಎಂದಳು ಶಾಹಿದಾ. ನನ್ನ ಸುಳ್ಳುಗಳು ಕುಲ ಕುಟುಂಬ ಸಮೇತ ಅಚ್ಚುಕಟ್ಟಾಗಿ ವರ್ಗೀಕರಣಗೊಂಡು ಎದುರು ಮಲಗಿದ್ದವು. ಅವಮಾನವಾಗಬೇಕಿತ್ತು. ಆದದ್ದು ಮಾತ್ರ ಏನೋ ಒಂದು ಸಂತೋಷ. ಹೆಸರನ್ನು ವರ್ಣನೆಗೆ ಕಟ್ಟಿಹಾಕದೆ, ಒಂದು ಒಣ ಗಿಡದ ದೇಹಕ್ಕೇ ಕಟ್ಟಿಹಾಕಬೇಕು ಎಂದು ಈ ಶಾಸ್ತ್ರದವರು ಯಾಕೆ ಹಟ ಹಿಡಿಯುತ್ತಾರೆಂದು ನನಗೆ ಪಾಠ ಓದುವಾಗ ಅರ್ಥವಾಗಿರಲಿಲ್ಲ. ಮಾತು ತಪ್ಪೀತು, ಚೀಟಿ ತಪ್ಪೀತು, ಮನುಷ್ಯನ ತಲೆಯಂತೂ ತಪ್ಪಿಯೇ ತಪ್ಪುತ್ತದೆ. ಗಿಡದ ಬೇರಿನಲ್ಲಿ ಅಂಟಿದ ಮಣ್ಣು ಮಾತ್ರ ಮೂವತ್ತೈದು ವರ್ಷ ಬಾಯಿ ಮುಚ್ಚಿಕೊಂಡು ಕಾದು, ಕೇಳಿದಾಗ ಉತ್ತರ ಹೇಳಿತು.

ಹನ್ನೊಂದರಲ್ಲಿ ಒಂದು ಕೀಟ ಹಿಡಿದು ತಿನ್ನುವ ಗಿಡ. ಎಲೆಯ ಮೇಲೆ ಅಂಟಿನ ಹನಿಗಳಿರುವ, ಕೆಂಪು ಬಟನ್ನಿನಂಥ ಸಣ್ಣ ಗಿಡ. ಅದರ ಚಿತ್ರವನ್ನು ಕುಶಾಲಪ್ಪನಿಗೆ ಕಳಿಸಿದೆ. ತಕ್ಷಣ ಅವನ ಫೋನು.

"ಇದಾ? ಇದು ಕಬಕದ ಆಚೆ, ಕೆಂಪುಕಲ್ಲಿನ ಕೋರೆಯಲ್ಲಿ. ನನ್ನ ಹೊಸ ಚಪ್ಪಲಿ ಕೆಸರಲ್ಲಿ ಹೋದದ್ದು ಅಲ್ಲಿಯೇ. ಒಂದೇ ಕಾಲಲ್ಲಿ ಚಪ್ಪಲಿ ಹಾಕಿ ಹಾಸ್ಟೆಲಿಗೆ ಬಂದದ್ದು ಎಲ್ಲರೂ ನೋಡಿದ್ದಾರೆ."

"ಅಂದ್ರೆ ನಾವಿಬ್ಬರೂ ಒಟ್ಟಿಗೆ ಹೋದದ್ದಾ?"

"ಹಾಗಾದ್ರೆ ಹಾಗೇ ಇರ್ಬೇಕು" ಎಂದ ಅವನು, ಸ್ವಲ್ಪ ಸಪ್ಪಗೆ. ಯಾರು ಯಾರಿಗೆ ಕೊಟ್ಟರು ಎಂಬ ನಮ್ಮ ವ್ಯಾಜ್ಯದಲ್ಲಿ ಇಬ್ಬರೂ ಸೋತಿದ್ದೆವು.

ಆಟಿ ತಿಂಗಳ, ಅಂದರೆ ನಮ್ಮ ಕಡೆಯ ಆಷಾಢದ, ಒಂದು ಭಾನುವಾರ ಬೆಳಿಗ್ಗೆ ಕುಶಾಲಪ್ಪ ಜೀಪು ತಂದ. ಮೂವರೂ ಹೋದೆವು. ಕೋರೆ ಕೋರೆಯಾಗಿ ಉಳಿದಿರಲಿಲ್ಲ. ಕಲ್ಲು ಕಡಿಯುವುದು ನಿಂತು ಎಷ್ಟೋ ವರ್ಷವಾಗಿ, ಅರ್ಧ ಗುಂಡಿಗೆ ಮಣ್ಣು ತುಂಬಿ ನಾಲ್ಕೈದು ಮನೆಗಳಾಗಿದ್ದವು, ಉಳಿದರ್ಧ ರಬ್ಬರು. ಕೀಟ ತಿನ್ನುವ ಗಿಡದ ಸುಳಿವಿಲ್ಲ. ಒಂದು ಗಂಟೆ ಹುಡುಕಿದೆವು. ಶಾಹಿದಾ ಕೊಡೆ ಹಿಡಿದುಕೊಂಡು, ಒಮ್ಮೆ ನೋಡಿದ ಗುಂಡಿಗೇ ಮತ್ತೆ ಇಳಿದಳು. ಕೊನೆಯ ಮನೆಯ ಹೆಂಗಸು ಜಗಲಿಯಿಂದ ನಮ್ಮನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದರು.

"ಎಂತ, ಸರ್ವೆಯವರಾ? ರೋಡು ಅಗಲ ಮಾಡ್ಲಿಕ್ಕಾ?"

"ಅಲ್ಲ ಅಕ್ಕ, ಒಂದು ಹೂ ಹುಡುಕ್ಲಿಕ್ಕೆ" ಎಂದ ಕುಶಾಲಪ್ಪ.

"ಒಂದು ಹೂ ಹುಡುಕ್ಲಿಕ್ಕೆ ಮೂರು ಜನ ಬೇಕಾ?"

ಶಾಹಿದಾ ಫೋನಿನಲ್ಲಿದ್ದ ಹಾಳೆಯ ಚಿತ್ರ ತೋರಿಸಿದಳು. ಒಣಗಿದ ಕಂದು ಗಿಡದಲ್ಲಿ ಅವರಿಗೇನೂ ಕಾಣಲಿಲ್ಲ. ಆಗ ಅವಳು ಕೈಬೆರಳು ಮಡಚಿ ತೋರಿಸಿದಳು: ಇಷ್ಟು ಸಣ್ಣ, ಹಿಂದೆ ಒಂದು ಬಾಲ, ಕಾಯಿ ಮುಟ್ಟಿದರೆ ಸಿಡಿಯುತ್ತದೆ.

"ಓ, ಪಟ್ಟ ಅಂತ ಒಡಿಯುದಾ? ಅದು ಬಚ್ಚಲಿನ ಹಿಂದೆ ಉಂಟಲ್ಲ! ಮೊಮ್ಮಗಳಿಗೆ ದಿನಾ ಅದೇ ಆಟ."

ಬಚ್ಚಲುಮನೆಯ ಹಿಂದೆ ಕೋರೆಯ ಹಳೆಯ ಗೋಡೆ ಎರಡಾಳೆತ್ತರ ನಿಂತಿತ್ತು. ಕಲ್ಲು ಕಡಿದ ಗೆರೆಗಳು ಇನ್ನೂ ಇದ್ದವು. ನೀರು ಒಸರುತ್ತಿದ್ದ ಒಂದು ಬಿರುಕಿನ ಉದ್ದಕ್ಕೂ ಏಳು ಗಿಡ, ಗೇಣುದ್ದದವು. ನಸುಗುಲಾಬಿ ಹೂವು, ಗಂಟಲಲ್ಲಿ ಒಂದು ಹಳದಿ ಚುಕ್ಕೆ, ಹಿಂದೆ ಸುರುಳಿಯಾದ ಬಾಲ. ಶಾಹಿದಾ ಕೊಡೆ ಕೈಬಿಟ್ಟಳು. ನಾನು ಮುಂದೆ ಹೋಗಿ ಕೈಚಾಚಿದೆ, "ಮುಟ್ಟಬೇಡಿ ಸರ್!" ಎಂದು ಕೂಗಿದಳು. ಕೀಳುವ ಮೊದಲೇ ಪೆನ್ಸಿಲು ತೆಗೆದು, ಅಲ್ಲೇ ಮಳೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಪ್ಲಾಸ್ಟಿಕ್ ಹಾಳೆಯ ಅಡಿಯಲ್ಲಿ ಪುಸ್ತಕ ಹಿಡಿದು ಬರೆಯತೊಡಗಿದಳು: ಊರು, ಅಕ್ಷಾಂಶ, ರೇಖಾಂಶ, ಗೋಡೆಯ ದಿಕ್ಕು, ಬಚ್ಚಲಿನಿಂದ ದೂರ. ಚೀಟಿ ಮೊದಲು, ಗಿಡ ಆಮೇಲೆ. ನಾವು ಮಾಡಿದ್ದು ಇದಕ್ಕೆ ಸರಿಯಾಗಿ ತಲೆಕೆಳಗು.

"ಬೇಕಾದಷ್ಟು ಕೊಂಡೋಗಿ" ಎಂದರು ಮನೆಯ ಹೆಂಗಸು. "ಹೇಗೂ ಮಳೆ ಬಿಟ್ಟ ಮೇಲೆ ಈ ಬರೆ ಗೋಡೆಗೆ ಸಿಮೆಂಟು ಮೆತ್ತುದು. ಕುಸಿಯುವ ಮೊದಲು ಮಾಡ್ಬೇಕು ಅಂತ ಇವರು ಹೇಳ್ತಿದ್ರು. ಎಂತ ಹೆಸರು ಇದಕ್ಕೆ?"

"ಇಲ್ಲ ಅಕ್ಕ" ಎಂದಳು ಶಾಹಿದಾ. "ಇದಕ್ಕೆ ಇನ್ನೂ ಹೆಸರು ಇಟ್ಟಿಲ್ಲ. ಬೇರೆಲ್ಲಿಯೂ ಇದು ಇರುದು ಯಾರಿಗೂ ಗೊತ್ತಿಲ್ಲ."

ಅವರು ಗೋಡೆಯ ಕಡೆ ತಿರುಗಿ ಮೊದಲ ಸಲ ನೋಡುವವರ ಹಾಗೆ ನೋಡಿದರು. "ಛೆ, ಹೆಸರೇ ಇಟ್ಟಿಲ್ವಾ?" ಎಂದರು, ತೊಟ್ಟಿಲಿನ ಕೂಸಿನ ಬಗ್ಗೆ ಕೇಳಿದ ದನಿಯಲ್ಲಿ. "ಹಾಗಾದ್ರೆ ಈ ತುಂಡು ಬಿಟ್ಟು ಮೆತ್ತಲಿಕ್ಕೆ ಹೇಳ್ತೇನೆ. ಹೆಸರು ಇಡದ್ದನ್ನು ಹೇಗೆ ಮುಚ್ಚುದು?"

ಅವರು ಮಾತು ಉಳಿಸಿಕೊಂಡರು. ಆ ಬಚ್ಚಲಿನ ಹಿಂದಿನ ಗೋಡೆಯಲ್ಲಿ ಈಗ ಕಿಟಕಿಯಷ್ಟು ಜಾಗ ಹಾಗೆಯೇ ಕೆಂಪಾಗಿದೆ, ಸುತ್ತ ಸಿಮೆಂಟು. ಶಾಹಿದಾ ಎರಡೇ ಗಿಡ ತೆಗೆದುಕೊಂಡಳು, ಐದನ್ನು ಬಿಟ್ಟಳು. ಹೂವನ್ನು ಸೀಸೆಯ ದ್ರಾವಣದಲ್ಲಿ ತೇಲಿಬಿಟ್ಟಾಗ ಅದರ ಬಾಲ ಒಮ್ಮೆ ಬಿಚ್ಚಿ ಮತ್ತೆ ಸುರುಳಿಯಾಯಿತು. ಪ್ರಬಂಧ ಗಡುವಿಗೆ ಮೊದಲೇ ಸಲ್ಲಿಕೆಯಾಯಿತು. ಹೆಸರಿನಲ್ಲಿ ಮರ್ಕಂಜವೂ ಇಲ್ಲ, ಕಬಕವೂ ಇಲ್ಲ. ಊರಿನ ವಿಷಯದಲ್ಲಿ ಒಮ್ಮೆ ಕೈ ಸುಟ್ಟುಕೊಂಡದ್ದು ಸಾಕು ಎಂದು, 'ಕೆಂಪುಕಲ್ಲಿನಲ್ಲಿ ವಾಸಿಸುವಂಥದ್ದು' ಎಂಬ ಅರ್ಥದ ಲ್ಯಾಟಿನ್ ಪದ ಇಟ್ಟಳು. ನನಗಿದ್ದ ಸಣ್ಣ ಆಸೆಯ ಬಗ್ಗೆ ನಾನು ಬಾಯಿ ಬಿಡಲಿಲ್ಲ.

ಲೇಖನ ಅಚ್ಚಿಗೆ ಹೋಗುವ ಮುನ್ನ ಅವಳು ಫೋನು ಮಾಡಿದಳು. ಸ್ವಲ್ಪ ಸಂಕೋಚ ಇತ್ತು ದನಿಯಲ್ಲಿ. ಹಳೆಯ ಹಾಳೆಯನ್ನೂ ಲೇಖನದಲ್ಲಿ ಹೇಳಲೇಬೇಕು, ಅದು ಈ ಪ್ರಭೇದದ ಮೊದಲ ಸಂಗ್ರಹ. ಹೇಳಿದರೆ ಅದರ ಪಕ್ಕದಲ್ಲಿ ಒಂದು ಸಾಲು ಬರುತ್ತದೆ: ಕಿತ್ತವರ ಹೆಸರು, ಆಮೇಲೆ 'ಚೀಟಿಯಲ್ಲಿ ಬರೆದಿರುವ ಸ್ಥಳ ತಪ್ಪು' ಎಂದು. "ಲೋಕದಲ್ಲೆಲ್ಲ ಓದ್ತಾರೆ ಸರ್. ನಿಮ್ಮ ಹೆಸರು ಬಿಡುದಾ? ವಿದ್ಯಾರ್ಥಿ ಸಂಗ್ರಹ ಅಂತ ಮಾತ್ರ ಹಾಕಬಹುದು."

ವಿಜ್ಞಾನದ ಪುಟಗಳಲ್ಲಿ ನನ್ನ ಹೆಸರು ಬರುವುದು ಅದೊಂದೇ ಸಲ, ಅದೂ ಒಂದು ತಪ್ಪಿನ ಪಕ್ಕದಲ್ಲಿ. ಅಂಗಳದಲ್ಲಿ ನಿಂತು ಸ್ವಲ್ಪ ಯೋಚಿಸಿದೆ. ನನ್ನ ಉಳಿದ ಇಪ್ಪತ್ತೇಳು ಹಾಳೆಗಳು ಅದೇ ಕಪಾಟಿನಲ್ಲಿವೆ, ಅದೇ ದುಂಡನೆಯ ಅಕ್ಷರ, ಅದೇ ಆತ್ಮವಿಶ್ವಾಸ. ನಾಳೆ ಇನ್ಯಾರೋ ಅದನ್ನು ತೆರೆಯುತ್ತಾರೆ. ಯಾರದ್ದೆಂದು ತಿಳಿಯದ ತಪ್ಪು ಯಾರ ಕೈಗೂ ಸಿಗುವುದಿಲ್ಲ. ಹೆಸರಿರುವ ತಪ್ಪಾದರೆ ದೂರದಿಂದಲೇ ಗುರುತು ಹಿಡಿದು, ಬದಿಗೆ ಸರಿಸಿ, ಮುಂದೆ ಹೋಗಬಹುದು.

"ಇರಲಿ" ಎಂದೆ. "ಇನಿಶಿಯಲ್ ಸಮೇತ ಬರಿ."